ಭಾವನ ಒಂಬತ್ತನೇ ಕೀಲಿ

ಭಾವನಿಗೆ ಸಿಟ್ಟು ಬರುವುದು ವರ್ಷಕ್ಕೆ ಒಂದೋ ಎರಡೋ ಸಲ, ಅದೂ ಯಾರಾದರೂ "ಪೇಪರಲ್ಲಿ ನಿಮ್ಮದು ನಿಜವಾಗ್ಲೂ ಏನು ಕೆಲಸ?" ಎಂದು ಕೇಳಿದಾಗ ಮಾತ್ರ.

"ನಾನಿಲ್ದೆ ಪೇಪರ್ ಹೊರಗೆ ಬರಲ್ಲ. ಅಷ್ಟು ತಿಳ್ಕೊಳ್ಳಿ ಸಾಕು!" ಎನ್ನುತ್ತಿದ್ದ. ಅಷ್ಟನ್ನೇ ತಿಳಿದುಕೊಂಡ ಕಟ್ಟಡದ ಜನ ಇವನನ್ನು ಸಂಪಾದಕರಿಗಿಂತ ಒಂದೇ ಮೆಟ್ಟಿಲು ಕೆಳಗಿನವನು ಎಂದು ನಂಬಿದ್ದರು. ಒಬ್ಬಿಬ್ಬರು ಒಂದು ಮೆಟ್ಟಿಲು ಮೇಲಿನವನು ಎಂದೂ ನಂಬಿದ್ದರು.

ಐದಂತಸ್ತಿನ ಆ ಕಟ್ಟಡದಲ್ಲಿ ಭಾವನ ಹೆಂಡತಿಯ ಒಡಹುಟ್ಟಿದವರೇ ನಾಲ್ಕು ಮನೆ ಹಿಡಿದಿದ್ದರು. ಅವರು ಅವಳನ್ನು ಅಕ್ಕ ಎಂದರು, ಅವರನ್ನು ಕೇಳಿ ಮಿಕ್ಕವರೂ ಅಕ್ಕ ಎಂದರು, ಅಕ್ಕನ ಗಂಡ ಕಟ್ಟಡಕ್ಕೆಲ್ಲ ಭಾವನಾದ. ಅವನ ಸ್ವಂತ ಹೆಸರಿಗೆ ಬಂದ ಕಾಗದಗಳನ್ನು ಅಂಚೆಯವನು "ಇಂಥವರು ಇಲ್ಲಿಲ್ಲ" ಎಂದು ಬರೆದು ವಾಪಸು ಕಳಿಸಿದ್ದೂ ಉಂಟು. ಊರಿನ ತಲೆಬರಹವೆಲ್ಲ ಈ ಭಾವನ ಬೆರಳ ತುದಿಯಲ್ಲಿತ್ತು. ಭಾವನ ಹಣೆಬರಹ ಮಾತ್ರ ಅಕ್ಕನ ನಾಲಿಗೆಯ ತುದಿಯಲ್ಲಿತ್ತು.

ಬೆರಳ ತುದಿ ಎಂದದ್ದು ಅಲಂಕಾರಕ್ಕಲ್ಲ. ಭಾವನದು ಸಂಜೆ ಪತ್ರಿಕೆ. ಅಲ್ಲಿ ಅವನು ಸುದ್ದಿ, ಚಿತ್ರ ಜೋಡಿಸಿ ಪುಟ ಕಟ್ಟುವವನು. ಮಧ್ಯಾಹ್ನ ಎರಡಕ್ಕೆ ಪುಟ ಮುಚ್ಚಿ ಅಚ್ಚಿಗೆ ಕಳಿಸಬೇಕು, ಒಂದೂವರೆಗೆ ಊಟದ ಡಬ್ಬಿ ತೆರೆಯಬೇಕು. ಈ ಎರಡು ಪವಿತ್ರ ಕಾರ್ಯಗಳ ನಡುವೆ ತಿಕ್ಕಾಟವಾಗದಿರಲಿ ಎಂದು ಅವನು ಹತ್ತೊಂಬತ್ತು ವರ್ಷಗಳ ಹಿಂದೆ, ಹೆಗಲುನೋವಿನ ನೆಪ ಹೇಳಿ, ಒಂದು ಆವಿಷ್ಕಾರ ಮಾಡಿದ್ದ. ಕೀಬೋರ್ಡಿನ ನೆತ್ತಿಯ ಮೇಲೆ ಸಾಲಾಗಿ ಕೂತು ಕಾಲಹರಣ ಮಾಡುವ ಹನ್ನೆರಡು ಕೀಲಿಗಳಿಗೂ ಒಂದೊಂದು ಸಿದ್ಧ ಹೆಡ್ಡಿಂಗು ಕಲಿಸಿದ್ದ. ಒಂದು ಒತ್ತಿದರೆ "ಬೆಂಕಿ: ಅಪಾರ ನಷ್ಟ". ಎರಡು ಒತ್ತಿದರೆ "ಮಂತ್ರಿ ಗುಡುಗು". ಮೂರು ಒತ್ತಿದರೆ "ಮಂತ್ರಿ ಸ್ಪಷ್ಟನೆ". ಎರಡನ್ನು ಒತ್ತಿದ ಮಾರನೆಯ ದಿನ ಮೂರನ್ನು ಒತ್ತಬೇಕಾಗಿ ಬರದೇ ಇದ್ದ ದಾಖಲೆಯಿಲ್ಲ.

ಒಂಬತ್ತನೆಯದು ಹೊಗಳಿಕೆಯ ಕೀಲಿ. ಯಾರಾದರೂ ಎಲ್ಲಾದರೂ ಒಳ್ಳೆಯ ಕೆಲಸ ಮಾಡಿದ್ದರೆ ಒಂಬತ್ತು. ಅದರ ಅಚ್ಚು ಹೀಗೆ: ಇಂಥವರಾದರೂ ಇಂಥ ಸಾಹಸ!

ಆ "ಇಂಥವರು" ಎಂಥವರೆಂದು ತುಂಬುವುದಕ್ಕೂ ಭಾವ ಬೆರಳು ಸವೆಸುತ್ತಿರಲಿಲ್ಲ. ವರದಿಗಾರರು ಪ್ರತಿ ಸುದ್ದಿಯ ಜೊತೆ ಕಂಪ್ಯೂಟರಿನಲ್ಲೇ ಒಂದು ಚೀಟಿ ತುಂಬಿ ಕಳಿಸಬೇಕಿತ್ತು. ಆ ಚೀಟಿ ಮೊದಲು ಹುಟ್ಟಿದ್ದು "ಕಾಣೆಯಾಗಿದ್ದಾರೆ" ಪ್ರಕಟಣೆಗಳಿಗಾಗಿ: ವಯಸ್ಸು, ಎತ್ತರ, ಎದ್ದು ಕಾಣುವ ಗುರುತು. ಬೇರೆ ಚೀಟಿ ಮಾಡಿಸಲು ಯಾರಿಗೂ ಪುರುಸೊತ್ತಾಗದೆ, ಕಾಣೆಯಾದವರಿಗೂ ಕಣ್ಣೆದುರಿಗಿದ್ದವರಿಗೂ ಅದೇ ಚೀಟಿ ನಡೆದುಬಂದಿತ್ತು. ಒಂಬತ್ತನೇ ಕೀಲಿ ಚೀಟಿಯೊಳಕ್ಕೆ ಕೈಹಾಕಿ, "ಗುರುತು" ಎಂಬಲ್ಲಿ ಸಿಕ್ಕಿದ್ದನ್ನು ಎತ್ತಿ, ಅದಕ್ಕೊಂದು "ಆದರೂ" ಅಂಟಿಸಿ, ಪುಟಕ್ಕೆ ಎಸೆಯುತ್ತಿತ್ತು. ಭಾವನ ಎಡಗೈ ಕೀಲಿ ಒತ್ತುತ್ತಿತ್ತು. ಬಲಗೈ ಡಬ್ಬಿಯಲ್ಲಿರುತ್ತಿತ್ತು. ಕಣ್ಣು ಬಲಗೈಯನ್ನು ಹಿಂಬಾಲಿಸುತ್ತಿತ್ತು.

ಹೆಡ್ಡಿಂಗನ್ನು ಸಂಪಾದಕರು ಕೊಡುತ್ತಾರೆಂದು ವರದಿಗಾರರೂ, ವರದಿಗಾರರು ಕೊಡುತ್ತಾರೆಂದು ಸಂಪಾದಕರೂ ನಂಬಿ ನೆಮ್ಮದಿಯಾಗಿದ್ದರು. ಇನ್ನು ಭಾವನೋ, ಕೀಲಿ ಒತ್ತುವುದನ್ನು ಬರೆಯುವುದು ಎಂದು ಒಂದು ದಿನವೂ ಅಂದುಕೊಂಡವನಲ್ಲ. ಲಿಫ್ಟಿನ ಗುಂಡಿ ಒತ್ತಿದವನು ನಾನು ಕಟ್ಟಡ ಹತ್ತಿದೆ ಎನ್ನುತ್ತಾನೆಯೇ?

ಆ ಮಾತಿಗೆ ಬಂದರೆ, ಆ ಕಟ್ಟಡದಲ್ಲಿ ಯಾರೂ ಲಿಫ್ಟಿನ ಗುಂಡಿ ಒತ್ತಿ ಎಂಟು ತಿಂಗಳಾಗಿತ್ತು. ಅದು ಕೆಟ್ಟಿತ್ತು.

*

ಮೂರನೇ ಅಂತಸ್ತಿನ ಡ್ರೈವರಮ್ಮ ನಗರದ ಬಸ್ಸು ಓಡಿಸುವವರು. ಮಂಗಳವಾರ ಬೆಳಗ್ಗೆ ಇಳಿಜಾರಿನ ರಸ್ತೆಯಲ್ಲಿ ಅವರ ಬಸ್ಸಿನ ಬ್ರೇಕು ಹೋಯಿತು. ಒಳಗೆ ಮೂವತ್ತೆಂಟು ಜನ, ಕೆಳಗೆ ತುಂಬಿದ ಮಾರುಕಟ್ಟೆ. ಡ್ರೈವರಮ್ಮ ಗೇರನ್ನು ಇಳಿಸುತ್ತಾ, ಬಸ್ಸಿನ ಪಕ್ಕೆಯನ್ನು ಗೋಡೆಗೆ ಉಜ್ಜುತ್ತಾ, ಅರ್ಧ ಕಟ್ಟಿದ ಮನೆಯೊಂದರ ಮುಂದಿನ ಮರಳುಗುಡ್ಡೆಗೆ ಅದರ ಮೂಗು ತೂರಿಸಿ ನಿಲ್ಲಿಸಿದರು. ಯಾರಿಗೂ ತರಚು ಗಾಯವೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಒಬ್ಬರು ಮಾತ್ರ ಎದ್ದು, "ಇಲ್ಲಿ ಸ್ಟಾಪ್ ಇಲ್ವಲ್ಲ, ಯಾಕ್ರೀ ನಿಲ್ಸಿದ್ರಿ?" ಎಂದು ಜಗಳಕ್ಕೆ ಬಂದರು.

ಸುದ್ದಿ ಕೇಳಿದ್ದೇ ತಡ, ಡ್ರೈವರಮ್ಮನ ತಾಯಿ ಗಾಜಿನ ಚೌಕಟ್ಟೊಂದನ್ನು ತರಿಸಿಬಿಟ್ಟರು. ಇವರನ್ನು ಕಟ್ಟಡವೆಲ್ಲ ಅಜ್ಜಿ ಎನ್ನುತ್ತಿತ್ತು. ಅಜ್ಜಿ ಗೋಡೆಗೆ ಮೊಳೆ ಹೊಡೆಸಿದರು. ಕತ್ತರಿ ಹಿಡಿದು ಸಂಜೆ ಪತ್ರಿಕೆಗೆ ಕಾದರು. ಪತ್ರಿಕೆ ಬಂತು. ಮುಖಪುಟದಲ್ಲಿ ಮಗಳ ಚಿತ್ರ! ಅಂಗೈಯಗಲ! ಚಿತ್ರದ ಮೇಲೆಯೇ ದಪ್ಪಕ್ಷರದಲ್ಲಿ:

ಕಪ್ಪಾದರೂ ಕೆಚ್ಚೆದೆಯ ಚಾಲಕಿ!

ಅಜ್ಜಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಅಕ್ಷರ ಬದಲಾಗಲಿಲ್ಲ. ಮೊದಲ ಪದವನ್ನು ಕತ್ತರಿಸಿಬಿಡೋಣವೆಂದು ಕತ್ತರಿ ಇಟ್ಟರೆ, ಪದ ಕೂತಿದ್ದು ಸರಿಯಾಗಿ ಮಗಳ ಹಣೆಯ ಮೇಲೆ. ಪದ ತೆಗೆದರೆ ಹಣೆ ಹೋಗುತ್ತದೆ, ಹಣೆ ಉಳಿಸಿದರೆ ಪದ ಉಳಿಯುತ್ತದೆ.

"ಇವಳು ಹುಟ್ಟಿದಾಗ ಆಸ್ಪತ್ರೆಯೋಳು 'ಕಪ್ಪಾದ್ರೂ ಮಗು ದುಂಡಗಿದೆ' ಅಂದ್ಲು," ಅಜ್ಜಿ ಮೆಟ್ಟಿಲ ಮೇಲೆ ನೆರೆದವರಿಗೆ ಹೇಳಿದರು. "ಸ್ಕೂಲಲ್ಲಿ 'ಕಪ್ಪಾದ್ರೂ ಲೆಕ್ಕ ಚೆನ್ನಾಗಿ ಮಾಡ್ತಾಳೆ' ಅಂದ್ರು. ನಲವತ್ತು ವರ್ಷ ಆ ಬಾಲ ಇವಳ ಹಿಂದೆ ಹಿಂದೇನೆ ಬಂತು. ಬಸ್ಸು ಹತ್ತಿದ್ಮೇಲಾದ್ರೂ ಬಿಡುತ್ತೇನೋ ಅಂದ್ಕೊಂಡೆ. ಅದೂ ಟಿಕೆಟ್ ತಗೊಂಡು ಹತ್ತಿದೆ!"

ಚೌಕಟ್ಟು ಖಾಲಿಯಾಗಿ ಗೋಡೆಗೆ ನೇತಾಡಿತು. ಭಾವನ ನಾದಿನಿ ಅದರ ಚಿತ್ರ ತೆಗೆದಳು.

ಈ ನಾದಿನಿ, ಅಂದರೆ ಅಕ್ಕನ ಕೊನೆಯ ತಂಗಿ, ಫೋನ್ ಕಂಪನಿಯಲ್ಲಿ ದೂರು ಕೇಳಿಸಿಕೊಳ್ಳುವ ಕೆಲಸದವಳು. ದಿನಕ್ಕೆ ನೂರಾಹತ್ತು ಜನರ ಬೈಗುಳವನ್ನು "ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಸ್ವೀಕರಿಸುವ ಅವಳಿಗೆ, ದೂರು ಎಲ್ಲಿ ಸಾಯುತ್ತದೆ, ಎಲ್ಲಿ ಬೆಳೆಯುತ್ತದೆ ಎಂಬ ವಿದ್ಯೆ ಕರಗತವಾಗಿತ್ತು. ಕಟ್ಟಡದ ಫೋನ್ ಗುಂಪನ್ನು ನಡೆಸುವವಳೂ ಅವಳೇ. ಗುಂಪಿನ ಹೆಸರು "ಲಿಫ್ಟ್ ಕೆಟ್ಟಿದೆ".

ಭಾವ ಆಫೀಸಿನಿಂದ ಬಂದಾಗ ಎರಡನೇ ಅಂತಸ್ತಿನ ಮೆಟ್ಟಿಲೆಲ್ಲ ಕೋಪ ತುಂಬಿತ್ತು. ಅವನು ತನ್ನ ಪತ್ರಿಕೆಯನ್ನು ಓದುವ ಪೈಕಿ ಅಲ್ಲ. ಪುಕ್ಕಟೆ ಬರುವ ಪ್ರತಿ ಎಣ್ಣೆ ಬಾಟಲಿಯ ಕೆಳಗೆ ಹೋಗುತ್ತಿತ್ತು.

"ಭಾವ, ನಿಮ್ಮ ಪೇಪರಲ್ಲಿ ಡ್ರೈವರಮ್ಮಂಗೆ ಅವಮಾನ ಮಾಡಿದಾರೆ! ಯಾರು ಬರ್ದಿದ್ದು ಇದನ್ನ?"

ಎಲ್ಲರ ಕಣ್ಣೂ ತನ್ನ ಮೇಲೆ. ಅದರಲ್ಲೂ ಹೆಂಡತಿಯ ಕಣ್ಣು, ಅದರಲ್ಲೂ ಮೆಚ್ಚುಗೆಯ ಕಣ್ಣು! ಭಾವ ಊದಿದ. ಓದದೆಯೇ ಊದಿದ. ನಾದಿನಿ ಫೋನ್ ಎತ್ತಿ ಹಿಡಿದಳು.

"ಕೇಳಿ ಎಲ್ರೂ! ಇದನ್ನ ಬರೆದೋನು ಯಾವನೇ ಆಗಿರ್ಲಿ, ಎಷ್ಟೇ ದೊಡ್ಡ ಮನುಷ್ಯ ಆಗಿರ್ಲಿ, ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಅವನ ಕಿವಿ ಹಿಂಡ್ಕೊಂಡು ಬಂದು ಇದೇ ಗೇಟಿನ ಮುಂದೆ ನಿಲ್ಲಿಸ್ತೀನಿ! ಡ್ರೈವರಮ್ಮನ ಹತ್ರ ಕ್ಷಮೆ ಕೇಳಿಸ್ತೀನಿ! ಅದೇ ಪುಟದಲ್ಲಿ, ಅದೇ ಚಿತ್ರ, ಸರಿಯಾದ ಹೆಡ್ಡಿಂಗು, ಅಜ್ಜಿ ಚೌಕಟ್ಟಿಗೆ ನಾನೇ ಹಾಕ್ಸಿ ಕೊಡ್ತೀನಿ! ಇದು ಭಾವನ ಮಾತು!"

ಮೆಟ್ಟಿಲು ಚಪ್ಪಾಳೆಯಿಂದ ನಡುಗಿತು. ನಾದಿನಿ ಆ ಮಾತಿಗೆ ಖಾಲಿ ಚೌಕಟ್ಟಿನ ಚಿತ್ರ ಜೋಡಿಸಿ, "ಆದರೂ ಬೇಡ" ಎಂದು ಬರೆದು, ಲೋಕಕ್ಕೆ ಬಿಟ್ಟಳು.

*

ಬುಧವಾರ ಬೆಳಗಿನ ಹೊತ್ತಿಗೆ ಹನ್ನೊಂದು ಸಾವಿರ ಜನ ತಮ್ಮ ಮುಖದ ಜಾಗದಲ್ಲಿ ಖಾಲಿ ಚೌಕಟ್ಟು ಹಾಕಿಕೊಂಡಿದ್ದರು!

ಅವರು ಸುಮ್ಮನೆ ಹಾಕಿಕೊಳ್ಳಲಿಲ್ಲ. ತಮ್ಮನ್ನು ನೋಯಿಸಿದ ಹಳೆಯ ಪತ್ರಿಕೆಯ ತುಣುಕುಗಳನ್ನೂ ಹಾಕತೊಡಗಿದರು. ಎದುರು ಬ್ಯಾಂಕಿನ ಕಾವಲುಗಾರ, ದೂರದ ಬೆಟ್ಟದ ಸೀಮೆಯಿಂದ ಬಂದವನು, ಕಳ್ಳನನ್ನು ಹಿಡಿದ ದಿನದ ಕಾಗದವನ್ನು ಎರಡು ವರ್ಷ ಜೇಬಿನಲ್ಲೇ ಇಟ್ಟುಕೊಂಡಿದ್ದ: "ಸಣ್ಣ ಕಣ್ಣಾದರೂ ದೊಡ್ಡ ಕಾವಲು!" ಊರಿಗೆಲ್ಲ ಚರಂಡಿ ಶುಚಿ ಮಾಡುವವರ ಮಗಳು, ಡಾಕ್ಟರಾದವಳು, ತನ್ನದನ್ನು ಹಾಕಿದಳು. ಟೀವಿ ನಾಟಕದಲ್ಲಿ ಖಳನಿಗೆ ಯಾವಾಗಲೂ ಮಸಿ ಬಳಿಯುವುದೇಕೆಂದು ಬಣ್ಣ ಹಚ್ಚುವವನೇ ಕೇಳಿದ. ಹಾಸ್ಯ ಕಾರ್ಯಕ್ರಮಗಳು, ಕ್ರೀಮಿನ ಜಾಹೀರಾತುಗಳು, ವಾರ್ತೆ ಓದುವವರು, ಒಬ್ಬರನ್ನೂ ಬಿಡದೆ ಜನ ಹೆಕ್ಕಿ ಹೆಕ್ಕಿ ಹಾಕಿದರು. ನಾದಿನಿ ಎರಡು ಫೋನು ಹಿಡಿದು, "ದೂರಿಗೆ ಒಂದನ್ನು ಒತ್ತಿ, ಸಿಟ್ಟಿಗೆ ಎರಡನ್ನು ಒತ್ತಿ!" ಎಂದು ಕುಣಿದಾಡಿದಳು.

ತೊಂದರೆ ಒಂದೇ. ಗುಂಪಿನ ಹೆಸರು ಬದಲಾಯಿಸಲು ಅವಳು ಮರೆತಿದ್ದಳು. ಹೋರಾಟ "ಲಿಫ್ಟ್ ಕೆಟ್ಟಿದೆ ಚಳವಳಿ" ಎಂದೇ ಲೋಕಪ್ರಸಿದ್ಧವಾಯಿತು. ಟೀವಿಯಲ್ಲಿ ಪ್ರೊಫೆಸರೊಬ್ಬರು ಕಣ್ಣು ಅರೆಮುಚ್ಚಿ ವಿವರಿಸಿದರು: "ಎಂಥ ರೂಪಕ! ಕೆಳಗಿನವರನ್ನು ಮೇಲೆತ್ತಬೇಕಾದ ಸಾಮಾಜಿಕ ಯಂತ್ರವೇ ಸ್ಥಗಿತಗೊಂಡಿದೆ ಎಂಬ ಆರ್ತನಾದ..."

"ಅಯ್ಯೋ, ನನ್ನ ಮಂಡಿ ನೋವು ಕಣಪ್ಪ," ಎಂದರು ಅಜ್ಜಿ, ಟೀವಿಗೆ.

ಆಫೀಸಿನಲ್ಲಿ ಸಂಪಾದಕರು ಭಾವನನ್ನು ಕರೆಸಿದರು. ಸಂಪಾದಕೀಯ ಬರೆದೂ ಬರೆದೂ ಅವರ ಮಾತೇ ಹಾಗಾಗಿತ್ತು. ಚಹಾದವಳಿಗೂ "ಒಂದೆಡೆ ಚಹಾ ತಣ್ಣಗಿದೆ, ಮತ್ತೊಂದೆಡೆ ಸಕ್ಕರೆ ಹೆಚ್ಚಾಗಿದೆ, ಸಂಬಂಧಪಟ್ಟವರು ಇತ್ತ ಗಮನ ಹರಿಸುವುದು ಒಳಿತು" ಎನ್ನುವವರು ಅವರು.

"ಒಂದೆಡೆ ನೀವು ನಮ್ಮ ಸಿಬ್ಬಂದಿ. ಮತ್ತೊಂದೆಡೆ ನೀವು ನಮ್ಮ ವಿರುದ್ಧದ ಚಳವಳಿಯ ನಾಯಕರು. ಈ ನಿಟ್ಟಿನಲ್ಲಿ ತನಿಖೆಯನ್ನು ನೀವೇ ನಡೆಸುವುದು ಸೂಕ್ತ. ಬರೆದವನು ಯಾರೆಂದು ಪತ್ತೆ ಹಚ್ಚಿ. ಭಾನುವಾರ ನಾನೇ ಬಂದು, ನಿಮ್ಮ ಜನರ ಮುಂದೆ, ಅವನನ್ನು ಕೆಲಸದಿಂದ ತೆಗೆಯುತ್ತೇನೆ."

"ಬಿಡಲ್ಲ ಸಾರ್! ಅವನ್ನ ಬಿಡಲ್ಲ!" ಎಂದ ಭಾವ.

ಹೀಗೆ ಫಿರ್ಯಾದಿ, ತನಿಖಾಧಿಕಾರಿ ಮತ್ತು ಆರೋಪಿ ಎಂಬ ಮೂರು ಹುದ್ದೆಗಳನ್ನು ಒಬ್ಬನೇ, ಹೆಚ್ಚುವರಿ ಭತ್ಯೆಯಿಲ್ಲದೆ, ನಿರ್ವಹಿಸಿದ ಉದಾಹರಣೆ ನ್ಯಾಯಶಾಸ್ತ್ರದಲ್ಲಿ ವಿರಳ.

ಭಾವ ಕೈ ಹಿಂದೆ ಕಟ್ಟಿಕೊಂಡು ತನಿಖೆಗೆ ಇಳಿದ. ಮೊದಲು ವರದಿಗಾರ.

"ನಾನು ಬರೆದಿದ್ದು ಬ್ರೇಕು, ಇಳಿಜಾರು, ಮರಳು. ಅಷ್ಟೇ ಸಾರ್."

"ಚೀಟಿಯಲ್ಲಿ 'ಗುರುತು: ಕಪ್ಪು' ಅಂತ ಇದೆಯಲ್ಲ?"

"ಕಾಲಮ್ ಇತ್ತು, ತುಂಬಿದೆ. ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ. ಅಲ್ಲಿ 'ಆದರೂ' ಎಲ್ಲಿದೆ ತೋರ್ಸಿ?"

ಇರಲಿಲ್ಲ. ಮುಂದೆ ಮುದ್ರಣದ ಮೇಸ್ತ್ರಿ. ಮೊಣಕೈವರೆಗೆ ಮಸಿ ಮೆತ್ತಿಕೊಂಡಿದ್ದ ಅವನು ಯಂತ್ರದ ಸದ್ದಿಗಿಂತ ಎತ್ತರದ ದನಿಯಲ್ಲಿ, "ಕಪ್ಪಿನ ವಿಷಯ ನಮ್ಮ ಹತ್ರ ಎತ್ಬೇಡಿ! ಈ ಪೇಪರ್ ಓದಕ್ಕಾಗೋದೇ ಕಪ್ಪು ಮಸಿಯಿಂದ. ಯಾವನಾದ್ರೂ ಇವತ್ತಿನವರೆಗೆ 'ಕಪ್ಪಾದರೂ ಓದಕ್ಕೆ ಬರುತ್ತೆ' ಅಂದಿದಾನಾ?" ಎಂದು ಅಬ್ಬರಿಸಿದ. ಭಾವ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದ.

ಅಷ್ಟರಲ್ಲಿ ಒಂದೂವರೆ ಆಯಿತು. ಭಾವ ಡಬ್ಬಿ ತೆರೆದ. ಪರದೆಯ ಮೇಲೆ ಒಂದು ಸುದ್ದಿ ಕಾದಿತ್ತು: ಎಂಬತ್ತರ ವೃದ್ಧರೊಬ್ಬರು ಈಜು ಸ್ಪರ್ಧೆ ಗೆದ್ದಿದ್ದಾರೆ. ಒಳ್ಳೆಯ ಕೆಲಸ, ಹಾಗಾಗಿ ಒಂಬತ್ತು. ಎಡಗೈ ಒತ್ತಿತು. ಆದರೆ ಬೆಳಗಿನಿಂದ ಪತ್ತೇದಾರನಾಗಿದ್ದ ಭಾವನ ಕಣ್ಣು, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ, ಬಲಗೈ ಬಿಟ್ಟು ಪರದೆಯತ್ತ ಹೋಯಿತು.

ಬೊಕ್ಕತಲೆಯಾದರೂ ಈಜು ವೀರ!

ತುತ್ತು ಡಬ್ಬಿಗೆ ವಾಪಸು ಬಿತ್ತು.

ಭಾವ ಹಳೆಯ ಸಂಚಿಕೆಗಳ ಕೋಣೆಗೆ ಓಡಿದ. ಒಂದೊಂದೇ ಕಟ್ಟು ಬಿಚ್ಚಿದ. "ಹೊರಗಿನವನಾದರೂ ಪ್ರಾಮಾಣಿಕ!" "ಕುಂಟಾದರೂ ಕುಶಲಕರ್ಮಿ!" "ಗುಡಿಸಲಾದರೂ ರ್‍ಯಾಂಕು!" ಎಲ್ಲ ಒಂಬತ್ತು, ಎಲ್ಲ ತನ್ನ ಎಡಗೈ! ಹದಿನಾರು ವರ್ಷ ಹಿಂದಿನ ಕಟ್ಟಿನಲ್ಲಿ ಚದುರಂಗದ ಪಂದ್ಯ ಗೆದ್ದ ಹೆಂಗಸೊಬ್ಬಳ ಚಿತ್ರ: "ಗೃಹಿಣಿಯಾದರೂ ಬುದ್ಧಿವಂತೆ!" ಆ ಹೆಂಗಸು ಅಕ್ಕ. ಆ ವಾರ ಮೂರು ದಿ‍ನ ಊಟದ ಡಬ್ಬಿ ಖಾಲಿ ಬಂದಿದ್ದು ಭಾವನಿಗೆ ಈಗ ನೆನಪಾಯಿತು. ಮುಚ್ಚಳ ಸಡಿಲವಾಗಿದೆ ಎಂದುಕೊಂಡು ಅವನು ಹೊಸ ಡಬ್ಬಿ ಕೊಂಡಿದ್ದ.

*

ಧೈರ್ಯವಂತರು ಇಂಥ ಹೊತ್ತಿನಲ್ಲಿ ತಪ್ಪು ಒಪ್ಪಿಕೊಳ್ಳುತ್ತಾರೆ. ಭಾವ ಕೀಲಿಗೆ ಕಲಿಸಿದ್ದನ್ನು ಗುಟ್ಟಾಗಿ ಅಳಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಗಾಬರಿಯಲ್ಲಿ, ಇನ್ನು ಮುಂದೆ ತೊಂದರೆಯೇ ಬೇಡವೆಂದು, ಎಲ್ಲೆಲ್ಲಿ "ಕಪ್ಪು" ಎಂದು ಬರುತ್ತದೋ ಅಲ್ಲೆಲ್ಲ "ಗೌರವಾನ್ವಿತ" ಎಂದು ತಾನಾಗಿಯೇ ಬದಲಾಗುವಂತೆ ಕಂಪ್ಯೂಟರಿಗೆ ಅಪ್ಪಣೆ ಕೊಟ್ಟ.

ಗುರುವಾರದ ಪತ್ರಿಕೆ ಹೊರಬಿತ್ತು. ಮುಖಪುಟ: "ಗೌರವಾನ್ವಿತ ಹಣದ ವಿರುದ್ಧ ಸಮರ." ಎರಡನೇ ಪುಟ: "ಮಂತ್ರಿಗೆ ಗೌರವಾನ್ವಿತ ಬಾವುಟ ತೋರಿಸಿದ ಪ್ರತಿಭಟನಕಾರರು." ಮೂರನೇ ಪುಟ: "ಕಣ್ಣಿನ ಕೆಳಗಿನ ಗೌರವಾನ್ವಿತ ಕಲೆ ಹೋಗಿಸಲು ಐದು ಉಪಾಯ." ಮೂಲೆಯಲ್ಲಿ: "ಕಾಣೆಯಾಗಿದೆ: ಗೌರವಾನ್ವಿತ ಬೆಕ್ಕು."

ಮಂತ್ರಿಗಳ ಮನೆಯಿಂದ ಧನ್ಯವಾದದ ಫೋನು ಬಂತು. ಮಿಕ್ಕ ಎಲ್ಲ ಕಡೆಯಿಂದ ಕೆಂಡ ಬಂತು. "ಪೇಪರ್‌ನವರು ನಮ್ಮನ್ನ ಅಣಕಿಸ್ತಿದಾರೆ!" ಎಂದು ನಾದಿನಿ ಗುಡುಗಿದಳು. ಹನ್ನೊಂದು ಸಾವಿರ ಮೂರು ಲಕ್ಷವಾಯಿತು! ಮೂರು ಲಕ್ಷ ಜನರ ನಾಯಕ ಸಂಜೆ ಮನೆಗೆ ಬರುವಾಗ ಗೋಡೆಗೆ ಒರಗಿಕೊಂಡು ಮೆಟ್ಟಿಲು ಹತ್ತಿದ. ಮೂರನೇ ತಿರುವಿನಲ್ಲಿ ಡ್ರೈವರಮ್ಮ ಎದುರಾದರು.

"ಭಾವ, ಕಪ್ಪು ಅಂದಿದ್ದಕ್ಕೆ ನಂಗೆ ಬೇಜಾರಿಲ್ಲ ಕಣ್ರೀ. ನಮ್ಮನೇಲೂ ಕನ್ನಡಿ ಇದೆ. ಕಪ್ಪಿಗೆ ಪೌಡರ್ ಹಚ್ಚಿ ಅಂತ ನಾನ್ ಕೇಳ್ಲಿಲ್ಲ. ಆ 'ಆದರೂ' ಯಾಕೆ ಅಂತ ಕೇಳ್ದೆ. ನನ್ನ ಬಣ್ಣ ಬ್ರೇಕಿಗೇನಾದ್ರೂ ಅಡ್ಡ ಬಂದಿತ್ತಾ?"

"ಇಲ್ಲ... ಬಂದಿರ್ಲಿಲ್ಲ."

"ಬರ್ದೋನು ಸಿಕ್ಕಿದ್ನಾ?"

"ಹತ್ರ ಇದೀನಿ," ಎಂದ ಭಾವ. "ಬಹಳ ಹತ್ರ ಇದೀನಿ."

"ಅಮ್ಮ ದಿನಾ ಎದ್ದು ಆ ಖಾಲಿ ಗಾಜು ಒರೆಸ್ತಿದಾರೆ ಭಾವ," ಎಂದು ಹೇಳಿ ಡ್ರೈವರಮ್ಮ ಡ್ಯೂಟಿಗೆ ಇಳಿದುಹೋದರು.

*

ಭಾನುವಾರ ಹತ್ತು ಗಂಟೆ. ಗೇಟಿನಿಂದ ಬೀದಿ ತಿರುವಿನವರೆಗೆ ಜನ! ಎಲ್ಲರ ಕೈಯಲ್ಲೂ ಖಾಲಿ ಚೌಕಟ್ಟು. ಚೌಕಟ್ಟಿನೊಳಗಿಂದ ಇಣುಕುವ ಮುಖಗಳು. ಅಕ್ಕನ ತಮ್ಮಂದಿರು ನಾಲ್ವರು ಅಜ್ಜಿಯನ್ನು ಕುರ್ಚಿಸಮೇತ ಮೂರು ಅಂತಸ್ತು ಇಳಿಸಿ ತಂದು, ಇಳಿಸಿದ ಮೇಲೆ ತಾವೂ ನೆಲಕ್ಕೆ ಇಳಿದುಬಿಟ್ಟರು. ಅಜ್ಜಿಯ ಮಡಿಲಲ್ಲಿ ಆ ಸಂಚಿಕೆ, ಕೈಯಲ್ಲಿ ಕತ್ತರಿ. ಸಂಪಾದಕರು ಕಾರಿನಿಂದ ಇಳಿದು, ಒಂದೆಡೆ ಬಿಸಿಲು, ಮತ್ತೊಂದೆಡೆ ಜನಜಂಗುಳಿ ಎಂದು ಗಮನಿಸಿದರು. ನಾದಿನಿ ನೇರಪ್ರಸಾರಕ್ಕೆ ನಿಂತಳು.

ಭಾವ ಬಂದ. ಕಂಕುಳಲ್ಲಿ ಟವೆಲು ಮುಚ್ಚಿದ ಉದ್ದನೆಯ ವಸ್ತು.

"ಅಪರಾಧಿ ಎಲ್ಲಿ ಭಾವ?"

ಭಾವ ಸ್ಟೂಲಿನ ಮೇಲೆ ಅದನ್ನಿಟ್ಟು ಟವೆಲು ಎಳೆದ. ಕೀಬೋರ್ಡು!

"ಇದರ ಒಂಬತ್ತನೇ ಕೀಲಿ ಬರೆದಿದ್ದು! ಮನುಷ್ಯರ್ಯಾರೂ ಅಲ್ಲ!"

ಜನ ಚೌಕಟ್ಟು ಕೆಳಗಿಳಿಸಿ ಕೀಬೋರ್ಡಿನತ್ತ ಕತ್ತು ಚಾಚಿದರು. ನಾದಿನಿಯ ಅಭ್ಯಾಸಬಲ ಮಾತ್ರ ಸುಮ್ಮನಿರಲಿಲ್ಲ. "ಒಂಬತ್ತನ್ನು ಒತ್ತಿದವರು ಯಾರು?"

ಭಾವ ಹೆಂಡತಿಯನ್ನು ನೋಡಿದ. ಡ್ರೈವರಮ್ಮನನ್ನು ನೋಡಿದ. ಅಜ್ಜಿಯ ಕತ್ತರಿಯನ್ನು ನೋಡಿದ. ಎಡಗೈಯನ್ನು ಮೇಲೆತ್ತಿದ.

"ನಾನು. ಕೀಲಿಗೆ ಕಲಿಸಿದ್ದೂ ನಾನೇ. ಹತ್ತೊಂಬತ್ತು ವರ್ಷದಿಂದ ನಾನೇ. ಓದದೇನೇ ಒತ್ತಿದೆ. ತಪ್ಪಾಯ್ತು."

ಹಿಂದಿನಿಂದ ಒಂದು ದನಿ ಕಿರುಚಿತು: "ನೋಡಿದ್ರಾ! ಯಾವನೋ ಮಾಡಿದ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡ್ರು! ಎಂಥಾ ತ್ಯಾಗ!"

"ತ್ಯಾಗ! ತ್ಯಾಗ!" ಮೂರು ಸಾಲು ಜನ ಭಾವನನ್ನು ಹೆಗಲ ಮೇಲೆ ಎತ್ತಿಬಿಟ್ಟರು.

"ಇಳಿಸ್ರೀ! ನಿಜವಾಗ್ಲೂ ನಾನೇ! ಆಣೆ ಮಾಡ್ತೀನಿ!"

"ವಿನಯ ನೋಡಿ! ಏನು ವಿನಯ!"

ಅಕ್ಕ ಜನರನ್ನು ಸೀಳಿಕೊಂಡು ಮುಂದೆ ಬಂದಳು. "ಇಳಿಸ್ರಪ್ಪ ಅವರನ್ನ! ಅವರೇ ಮಾಡಿರೋದು! ಮನೇಲೂ ಎಡಗೈ ರಿಮೋಟ್ ಒತ್ತುತ್ತೆ, ಬಲಗೈ ತಿನ್ನುತ್ತೆ, ಇಪ್ಪತ್ತು ವರ್ಷದಿಂದ ನೋಡ್ತಿದೀನಿ! ನಾನು ಚೆಸ್ ಗೆದ್ದಾಗ್ಲೂ ಇವರದ್ದೇ ಕೈವಾಡ ಅಂತ ಇವತ್ತು ಗೊತ್ತಾಯ್ತು!"

"ಅಕ್ಕನೂ ತ್ಯಾಗಿ!" ಎಂದಿತು ಗುಂಪು. "ಗಂಡನ ಜೊತೆ ತಾನೂ ಬೈಸಿಕೊಳ್ಳೋಕೆ ನಿಂತರು!"

ನೇರಪ್ರಸಾರದಲ್ಲಿ ಪ್ರೊಫೆಸರು ಕಣ್ಣೊರೆಸಿಕೊಂಡರಂತೆ. ಸಂಪಾದಕರು, ಒಂದೆಡೆ ತೆಗೆಯಬೇಕೆಂದು ಬಂದವರು, ಮತ್ತೊಂದೆಡೆ ಜೈಕಾರ ಕೇಳಿ, ಎರಡೂ ಕಡೆ ನೋಡುತ್ತ ನಿಂತರು. ತಪ್ಪು ಒಪ್ಪಿಕೊಂಡರೂ ಒಪ್ಪಿಸಿಕೊಳ್ಳುವವರಿಲ್ಲದೆ ಭಾವ ಹೆಗಲುಗಳ ಮೇಲೆ ಕಾಲು ಬಡಿಯುತ್ತಿದ್ದ.

ಆಗ ಅಜ್ಜಿ ಕತ್ತರಿ ಎತ್ತಿದರು.

ಮೂರು ಸಾಲು ಜನ ತಟ್ಟನೆ ಭಾವನನ್ನು ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದರು.

"ಇವನೇ," ಎಂದರು ಅಜ್ಜಿ. "ಸುಳ್ಳು ಹೇಳೋನು ಇಷ್ಟು ಬೆವರಲ್ಲ. ಬಾರಯ್ಯ ಇಲ್ಲಿ. ಯಾವ ಬೆರಳು?"

ಭಾವ ಕಣ್ಣು ಮುಚ್ಚಿ ಬೆರಳು ಚಾಚಿದ. ಅಕ್ಕ "ಅಜ್ಜೀ, ಹೆಡ್ಡಿಂಗು ಬರೆಯೋ ಕೈ ಅದು!" ಎಂದು ಚೀರಿದಳು. "ಬರ್ದಿದ್ದೇ ಯಾವಾಗ?" ಎಂದರು ಅಜ್ಜಿ. ಕತ್ತರಿಯ ಮೊನೆ ಭಾವನ ಬೆರಳನ್ನು ದಾಟಿ, ಕೀಬೋರ್ಡಿನ ಮೇಲೆ ಬಂದು, ಒಂಬತ್ತನೇ ಕೀಲಿಯ ಅಡಿಗೆ ತೂರಿತು. ಟಕ್! ಕೀಲಿ ಗಾಳಿಯಲ್ಲಿ ಲಾಗ ಹೊಡೆದು ಚರಂಡಿಗೆ ಬಿತ್ತು.

"ಈಗ ಬರಿ. ಕೈಯಲ್ಲಿ."

ಸಂಪಾದಕರು ಪೆನ್ನು ಕೊಟ್ಟರು. ಅವರ ಜೊತೆ ಬಂದಿದ್ದ ವರದಿಗಾರ ಅಚ್ಚಾದ ಚೀಟಿಯೊಂದರ ಹಿಂಬದಿ ಕೊಟ್ಟ. ಭಾವ ಪೆನ್ನಿನ ಮುಚ್ಚಳ ಯಾವ ಕಡೆ ಎಂದು ಹುಡುಕಿದ. ಹತ್ತೊಂಬತ್ತು ವರ್ಷಗಳ ಬಳಿಕ ಹೆಡ್ಡಿಂಗೊಂದು ಬರಲಾರದೆ ಭಾವ ಹೆರಿಗೆನೋವು ತಿನ್ನತೊಡಗಿದ. ಜನ ನೆರವಿಗೆ ಬಂದರು.

"ಸಾಮಾನ್ಯಳಾದರೂ ಅಸಾಮಾನ್ಯ, ಅಂತ ಬರೀರಿ!"

"ಹೆಣ್ಣಾದರೂ ಹುಲಿ!"

"ಒಂದೆಡೆ ಬ್ರೇಕು ಇಲ್ಲವಾದರೂ, ಮತ್ತೊಂದೆಡೆ ಬಸ್ಸು ಹಳೆಯದಾದರೂ..." ಎಂದು ಸಂಪಾದಕರು ಆರಂಭಿಸಿದರು.

"ನಿಮ್ಮದರಲ್ಲಿ ಎರಡಿದೆ," ಎಂದರು ಅಜ್ಜಿ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ಲಕ್ಷ ಮಂದಿ ಎದ್ದು ನಿಂತಿದ್ದು ಯಾವುದರ ವಿರುದ್ಧವೋ ಅದು ತಮ್ಮ ತಮ್ಮ ನಾಲಿಗೆಯ ಮೇಲೇ ಹಾಯಾಗಿ ಕೂತಿತ್ತು. ಅಜ್ಜಿಯ ಕತ್ತರಿ ಇನ್ನೂ ತೆರೆದೇ ಇದ್ದುದರಿಂದ ಎಲ್ಲರೂ ಬಾಯಿ ಮುಚ್ಚಿದರು.

ಭಾವ ತಲೆಯೆತ್ತಿ, ಪತ್ರಿಕೋದ್ಯಮದ ತನ್ನ ಬದುಕಿನಲ್ಲಿ ಮೊದಲ ಬಾರಿಗೆ ಸುದ್ದಿಯಾದವರನ್ನೇ ಒಂದು ಪ್ರಶ್ನೆ ಕೇಳಿದ. "ಡ್ರೈವರಮ್ಮ, ಅವತ್ತು ಏನಾಯ್ತು?"

"ಬ್ರೇಕ್ ಹೋಯ್ತು," ಎಂದರು ಡ್ರೈವರಮ್ಮ. "ಒಳಗೆ ಮೂವತ್ತೆಂಟು ಜನ. ನಿಲ್ಲಿಸ್ದೆ."

ಭಾವ ಬರೆದ. ಗಟ್ಟಿಯಾಗಿ ಓದಿದ: "ಬ್ರೇಕ್ ಹೋಯಿತು, ಮೂವತ್ತೆಂಟು ಜೀವ ಉಳಿಯಿತು: ಬಸ್ ನಿಲ್ಲಿಸಿದವರು ಇವರು."

ಅಜ್ಜಿ ಮೂರು ಸಲ ಓದಿಸಿದರು. ಆಮೇಲೆ ಕತ್ತರಿ ಮುಚ್ಚಿದರು.

*

ಸೋಮವಾರ ಅದೇ ಪುಟ, ಅದೇ ಚಿತ್ರ, ಅದೇ ದಪ್ಪಕ್ಷರ; ಹೆಡ್ಡಿಂಗು ಮಾತ್ರ ಈ ಸಲ ಹಣೆ ಬಿಟ್ಟು ಗಲ್ಲದ ಕೆಳಗೆ. ಪಕ್ಕದಲ್ಲೇ ಪತ್ರಿಕೆಯ ಕ್ಷಮೆ. ಚೀಟಿಯಲ್ಲಿ "ಗುರುತು" ಹೋಗಿ "ಏನು ಮಾಡಿದರು?" ಎಂಬ ಹೊಸ ಕಾಲಮ್ಮು ಬಂತು. ಕಾವಲುಗಾರನ ಸುದ್ದಿಯಿಂದ ಹಿಡಿದು ಹಳೆಯವನ್ನೆಲ್ಲ ದಿನಕ್ಕೊಂದರಂತೆ ಮತ್ತೆ ಅಚ್ಚು ಹಾಕುವುದೆಂದೂ ತೀರ್ಮಾನವಾಯಿತು. ಚದುರಂಗದ ಸುದ್ದಿಗೆ ಸರದಿಯಲ್ಲಿ ಎರಡನೆಯ ಸ್ಥಾನ ಸಿಕ್ಕಿದ್ದರಲ್ಲಿ ಮನೆಯ ಪ್ರಭಾವವಿರಲಿಲ್ಲವೆಂದು ಭಾವ ಸಾಧಿಸಿದ. ಅವನ ಕೆಲಸ? "ಒಂದೆಡೆ ಅಪರಾಧಿಯನ್ನು ತೆಗೆಯಬೇಕು, ಮತ್ತೊಂದೆಡೆ ಅವನ ಜೊತೆ ನಾಯಕರೂ ಹೋಗಿಬಿಡುತ್ತಾರೆ," ಎಂದು ಸಂಪಾದಕರು ಯೋಚಿಸಿ, ಅದಕ್ಕಿಂತ ಕ್ರೂರವಾದ ಶಿಕ್ಷೆ ಕೊಟ್ಟರು: ಇನ್ನು ಪ್ರತಿ ಹೆಡ್ಡಿಂಗೂ ಕೈಬರಹ, ಮತ್ತು ಎರಡು ಗಂಟೆಗೆ ಪುಟ ಮುಚ್ಚುವ ತನಕ ಡಬ್ಬಿ ತೆರೆಯುವಂತಿಲ್ಲ.

ಬುಧವಾರ ಲಿಫ್ಟ್ ಕಂಪನಿಯ ಮುಖ್ಯ ಎಂಜಿನಿಯರು ನಾಲ್ಕು ಜನ ಸಹಾಯಕರೊಂದಿಗೆ ಓಡಿಬಂದರು. "ಮೂರು ಲಕ್ಷ ಜನ ದೂರು ಕೊಟ್ಟಿದಾರೆ! ನಮ್ಮ ಕಂಪನಿ ಹುಟ್ಟಿದ್ಮೇಲೆ ಹೀಗಾಗಿಲ್ಲ! ಎಲ್ಲಿದೆ ಆ ಲಿಫ್ಟು?" ಹತ್ತು ನಿಮಿಷದಲ್ಲಿ ಸರಿಯಾಯಿತು. ಒಂದು ತಂತಿ ಬಿಚ್ಚಿಕೊಂಡಿತ್ತಂತೆ.

ಆ ಸಂಜೆ ಅಜ್ಜಿ ಚೌಕಟ್ಟು ಕಟ್ಟಿಸಿಕೊಂಡು ಬಂದು, ಮೂರನೇ ಅಂತಸ್ತಿಗೆ ತಾವೇ ಗುಂಡಿ ಒತ್ತಿದರು. ಮನೆ ತುಂಬ ಜನ. ಚೌಕಟ್ಟು ಮೊಳೆಯೇರಿತು. ಗಾಜಿನ ಹಿಂದೆ ಡ್ರೈವರಮ್ಮ, ಪೂರ್ತಿ ಹಣೆ, ಪೂರ್ತಿ ಮುಖ. ಭಾವ ಮಾತ್ರ ಒಳಗೆ ಬರಲು ಮುಖವಿಲ್ಲದೆ ಬಾಗಿಲಲ್ಲೇ ನಿಂತಿದ್ದ.

ಅಜ್ಜಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಪೇಪರ್‌ನೋನಾದ್ರೂ ಮನುಷ್ಯ ಒಳ್ಳೆಯೋನು."

ನಾದಿನಿಯ ಕೈ ಫೋನಿನತ್ತ ಹೋಯಿತು. "ಅಮ್ಮಾ!" ಎಂದರು ಡ್ರೈವರಮ್ಮ.

"ಏನೀಗ?" ಎಂದರು ಅಜ್ಜಿ. "ನಲವತ್ತು ವರ್ಷ ತಗೊಂಡಿದೀವಿ. ಒಂದೇ ಒಂದು ವಾಪಸ್ ಕೊಟ್ಟೆ. ರುಚಿ ನೋಡ್ಲಿ."

ಮೊದಲು ನಕ್ಕವರು ಡ್ರೈವರಮ್ಮ. ಆಮೇಲೆ ಅಕ್ಕ. ಆಮೇಲೆ ಗೋಡೆಗೆ ಒರಗಿದವರೆಲ್ಲ ಒಟ್ಟಿಗೆ ನಕ್ಕ ರಭಸಕ್ಕೆ ಚೌಕಟ್ಟು ಒಂದು ಕಡೆಗೆ ವಾಲಿತು. ಭಾವ ಬಾಗಿಲಿಂದ ಓಡಿಬಂದು, ಮೊದಲು ಹೆಡ್ಡಿಂಗನ್ನು ಪೂರ್ತಿ ಓದಿ, ಅದನ್ನು ನೆಟ್ಟಗೆ ನಿಲ್ಲಿಸಿದ, ಎರಡೂ ಕೈಯಲ್ಲಿ.